ಅಗ್ಗದ ಅಲ್ಯೂಮಿನಿಯಂ ಗುಂಡಿನ ಅಚ್ಚು ಎಷ್ಟು ದಿನ ಬಾಳುತ್ತದೆ? (ಪ್ರಶ್ನೋತ್ತರ)

ಸೀಸದ ಗುಂಡು ಹೊಯ್ಯುವ ಅಚ್ಚುಗಳ ಬಗ್ಗೆ ಸದಸ್ಯರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಟೂಲ್ ಅಂಡ್ ಡೈ ಕೆಲಸದಲ್ಲಿರುವ, ಎರಕದ ಅಚ್ಚುಗಳನ್ನು ಮಾಡುವ ಮತ್ತು ರಿಪೇರಿ ಮಾಡುವ ನಮ್ಮ ಸದಸ್ಯರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಲೈಸೆನ್ಸ್ ಇಟ್ಟುಕೊಂಡು ಗುರಿ ಅಭ್ಯಾಸ ಮಾಡುವವನು ನಾನು. ಗುಂಡನ್ನು ನಾನೇ ಹೊಯ್ದುಕೊಳ್ಳಬೇಕು ಅಂತಿದ್ದೇನೆ. ಲೀ ಕಂಪನಿಯ ಎರಡು ಕ್ಯಾವಿಟಿಯ (ಅಂದರೆ ಸೀಸ ತುಂಬುವ, ಗುಂಡಿನ ಆಕಾರದ ಎರಡು ಪೊಳ್ಳುಗಳಿರುವ) ಅಲ್ಯೂಮಿನಿಯಂ ಅಚ್ಚು ಕಡಿಮೆ ಬೆಲೆಗೆ ಸಿಗುತ್ತಿದೆ, ಹಿಡಿಕೆಯೂ ಜೊತೆಗೇ ಬರುತ್ತದೆ. ಆದರೆ ಕ್ಲಬ್ಬಿನ ಹಿರಿಯರು "ಅಲ್ಯೂಮಿನಿಯಂ ಮೆತ್ತಗಿರುತ್ತೆ, ಬೇಗ ಸವೆಯುತ್ತೆ, ಕಬ್ಬಿಣದ್ದೇ ತಗೋ" ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಮೆತ್ತಗಿರುತ್ತದೆ ಅನ್ನುವುದು ನಿಜ. ಸೀಸ ಹೊಯ್ದು ಹೊಯ್ದು ಸವೆಯುತ್ತದೆ ಅನ್ನುವುದು ಮಾತ್ರ ತಪ್ಪು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಲ್ಯೂಮಿನಿಯಂ 660ಕ್ಕೆ. ನಡುವೆ ದೊಡ್ಡ ಅಂತರವಿದೆ. ಅದಕ್ಕಿಂತ ಮುಖ್ಯವಾದದ್ದು, ಈ ಎರಡು ಲೋಹಗಳು ಒಂದಕ್ಕೊಂದು ಬೆರೆಯುವುದೇ ಇಲ್ಲ. ಎರಡನ್ನೂ ಕರಗಿಸಿ ಒಂದೇ ಪಾತ್ರೆಗೆ ಹಾಕಿದರೂ ಬೇರೆ ಬೇರೆ ಪದರವಾಗಿ ನಿಲ್ಲುತ್ತವೆ. ಜೊತೆಗೆ ಅಲ್ಯೂಮಿನಿಯಂ ಮೇಲೆ ಸದಾ ಆಕ್ಸೈಡ್‌ನ ತೆಳ್ಳನೆಯ, ಗಟ್ಟಿಯಾದ ಪದರ ಇರುತ್ತದೆ. ಅದಕ್ಕೆ ಸೀಸ ಅಂಟುವುದಿಲ್ಲ. ಇನ್ನು ಒತ್ತಡದ ವಿಷಯ. ಕಾರ್ಖಾನೆಯ ಡೈ ಕಾಸ್ಟಿಂಗ್‌ನಲ್ಲಿ ಕರಗಿದ ಲೋಹವನ್ನು ಭಾರೀ ಒತ್ತಡದಲ್ಲಿ ನುಗ್ಗಿಸುತ್ತಾರೆ, ಆ ರಭಸಕ್ಕೆ, ಮತ್ತೆ ಮತ್ತೆ ಕಾದು ಆರುವುದಕ್ಕೆ ಗಟ್ಟಿ ಉಕ್ಕಿನ ಡೈ ಕೂಡ ಸವೆದು ಬಿರುಕು ಬಿಡುತ್ತದೆ. ಇಲ್ಲಿ ಸೀಸ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ಅಷ್ಟೇ. ಕ್ಯಾವಿಟಿಯ ಒಳಮೈ ಅದರಿಂದ ಸವೆಯುವಂಥದ್ದೇನೂ ಆಗುವುದಿಲ್ಲ.

ಹಾಗಾದರೆ ಅಗ್ಗದ ಅಚ್ಚು ಹಾಳಾಗುವುದು ಎಲ್ಲಿ? ರಿಪೇರಿಗೆ ಬರುವ ಅಚ್ಚುಗಳಲ್ಲಿ ನಾನು ನೋಡುವುದು ಹೆಚ್ಚು ಕಡಿಮೆ ಮೂರೇ ಜಾಗ: ಸ್ಪ್ರೂ ಪ್ಲೇಟ್ (ಅಚ್ಚಿನ ಮೇಲೆ ಕೂರುವ, ತೂತಿರುವ ತಗಡು; ಸುರಿದಾಗ ಮೇಲೆ ಉಳಿಯುವ ಸೀಸದ ತುಂಡನ್ನು, ಅಂದರೆ ಸ್ಪ್ರೂವನ್ನು, ತಿರುಗಿ ಕತ್ತರಿಸುವುದು ಇದೇ) ತಿರುಗುವ ಮೇಲ್ಮೈ, ಅಚ್ಚಿನ ಎರಡು ಅರ್ಧಗಳನ್ನು, ಅಂದರೆ ಎರಡು ಬ್ಲಾಕ್‌ಗಳನ್ನು ಜೋಡಿಸುವ ಪಿನ್‌ಗಳು, ಕ್ಯಾವಿಟಿಯ ಅಂಚು. ಮೂರೂ ಕಡೆ ಪೆಟ್ಟು ಕೊಡುವುದು ನಮ್ಮ ಕೈ. ಹಿಡಿಯುವ ರೀತಿ ಕಲಿತರೆ ಅಲ್ಯೂಮಿನಿಯಂ ಅಚ್ಚು ನಿಮಗೆ ಬೇಜಾರಾಗುವಷ್ಟು ಗುಂಡು ಕೊಡುತ್ತದೆ. ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಈ ಅಗ್ಗದ ಅಚ್ಚನ್ನೇ ತಗೊಂಡು, ಉಳಿದ ದುಡ್ಡಿಗೆ ಒಂದು ಥರ್ಮಾಮೀಟರ್, ಒಂದು ಮೈಕ್ರೋಮೀಟರ್ ಕೊಳ್ಳುತ್ತಿದ್ದೆ.

ಪ್ರಶ್ನೆ: ಒಂದು ಅಂದಾಜಿಗಾದರೂ ಸಂಖ್ಯೆ ಹೇಳಿ. ಎಷ್ಟು ಸಾವಿರ ಗುಂಡು ಬರಬಹುದು?

ಉತ್ತರ: ಸಂಖ್ಯೆ ಹೇಳಿದರೆ ನಿಮ್ಮ ದಾರಿ ತಪ್ಪಿಸಿದ ಹಾಗೆ. ಒಂದೇ ಮಾದರಿಯ ಎರಡು ಅಚ್ಚುಗಳಲ್ಲಿ ಒಂದು ಒಂದೇ ಸಂಜೆಯಲ್ಲಿ ಕೆಡಬಹುದು, ಇನ್ನೊಂದು ವರ್ಷಗಟ್ಟಲೆ ನಡೆಯಬಹುದು. ಅಚ್ಚು ಎರಡೂ ಕಡೆ ಅದೇ, ಹಿಡಿದ ಕೈ ಬೇರೆ.

ಪ್ರಶ್ನೆ: ನನ್ನದು ಹಾಗೆ ಬೇಗ ಕೆಟ್ಟ ಅಚ್ಚು. ಸ್ಪ್ರೂ ಪ್ಲೇಟ್ ಅಡಿಯಲ್ಲಿ ಅಲ್ಯೂಮಿನಿಯಂ ಮೇಲೆ ಅರ್ಧ ಚಂದ್ರಾಕಾರದ ಗೀರು ಬಿದ್ದಿದೆ. ಗುಂಡಿನ ತಳದಲ್ಲಿ ತೆಳ್ಳನೆಯ ರೆಕ್ಕೆ ಥರ ಸೀಸ ಹರಡಿಕೊಳ್ಳುತ್ತದೆ. ಏನು ಮಾಡಲಿ?

ಉತ್ತರ: ಈ ಗೀರನ್ನು ನಾವು ಗಾಲಿಂಗ್ ಅನ್ನುತ್ತೇವೆ. ಅಗ್ಗದ ಅಚ್ಚುಗಳ ಸಾವಿಗೆ ಮೊದಲ ಕಾರಣ ಇದೇ, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಸ್ಪ್ರೂ ಪ್ಲೇಟ್ ಉಕ್ಕಿನದು, ಬ್ಲಾಕ್ ಅಲ್ಯೂಮಿನಿಯಂನದು. ಗಟ್ಟಿ ಲೋಹ ಮೆತ್ತನೆಯ ಲೋಹದ ಮೇಲೆ ಎಣ್ಣೆಯಿಲ್ಲದೆ, ಬಿಸಿಯಲ್ಲಿ ಜಾರಿದರೆ ಮೆತ್ತನೆಯದು ಕಿತ್ತುಕೊಂಡು ಬರುತ್ತದೆ. ಹಾಗೆ ಕಿತ್ತು ಬಂದ ಚೂರು ಪ್ಲೇಟ್‌ಗೆ ಅಂಟಿ, ಮುಂದಿನ ಸಲ ಉಳಿಯ ಹಾಗೆ ಕೆಲಸ ಮಾಡುತ್ತದೆ. ಎರಡನೆಯ ಕಾರಣ ಅವಸರ. ಸುರಿದ ಸೀಸ ಮೇಲ್ಗಡೆ ಗಟ್ಟಿಯಾದಂತೆ ಕಂಡರೂ ಒಳಗೆ ಇನ್ನೂ ಬೆಣ್ಣೆಯಂತಿರುತ್ತದೆ. ಆಗಲೇ ಪ್ಲೇಟ್ ತಿರುಗಿಸಿದರೆ ಸೀಸ ಕತ್ತರಿಸುವ ಬದಲು ಸವರಿಕೊಂಡು ಹೋಗಿ ಬ್ಲಾಕ್ ಮೇಲೆ ಕೂರುತ್ತದೆ. ಆಮೇಲೆ ಪ್ಲೇಟ್ ಸಮನಾಗಿ ಕೂರುವುದಿಲ್ಲ, ಸಂದಿಯಲ್ಲಿ ಸೀಸ ಹರಿಯುತ್ತದೆ, ನೀವು ಹೇಳಿದ ರೆಕ್ಕೆ ಬರುತ್ತದೆ. ಗುಂಡಿನ ತಳ ಓರೆಯಾದರೆ ಗುರಿ ತಪ್ಪುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಮೂಗು ಸ್ವಲ್ಪ ಸೊಟ್ಟಗಿದ್ದರೂ ನಡೆದೀತು, ತಳ ಮಾತ್ರ ಸರಿಯಿರಲೇಬೇಕು.

ಈಗ ಸರಿಪಡಿಸುವ ವಿಧಾನ. ಅಚ್ಚನ್ನು ಬಿಸಿ ಮಾಡಿ, ಮೇಲೆ ಅಂಟಿದ ಸೀಸವನ್ನು ಮರದ ಕಡ್ಡಿಯಿಂದ ಉಜ್ಜಿ ತೆಗೆಯಿರಿ. ಚಾಕು, ಸ್ಕ್ರೂಡ್ರೈವರ್, ಉಕ್ಕಿನ ತಂತಿ ಬ್ರಷ್ ಯಾವುದೂ ಬೇಡ. ತಣ್ಣಗಾದ ಮೇಲೆ ಪ್ಲೇಟ್ ಬಿಚ್ಚಿ. ಅದರ ಅಡಿಭಾಗವನ್ನು ಸಮತಟ್ಟಾದ ಗಾಜಿನ ಮೇಲಿಟ್ಟ ನುಣುಪಾದ ಎಮರಿ ಕಾಗದದಲ್ಲಿ ಉಜ್ಜಿ, ಅಂಟಿದ ಅಲ್ಯೂಮಿನಿಯಂ ಚೂರುಗಳೆಲ್ಲ ಹೋಗುವವರೆಗೆ. ಪ್ಲೇಟಿನ ಅಂಚು ಚೂಪಾಗಿದ್ದರೆ ಸ್ವಲ್ಪ ಮೊಂಡು ಮಾಡಿ. ಹೆಚ್ಚಿನ ಗೀರುಗಳು ಶುರುವಾಗುವುದೇ ಆ ಅಂಚಿನಿಂದ. ಬ್ಲಾಕ್ ಮೇಲಿನ ಗೀರು ಆಳವಿಲ್ಲದಿದ್ದರೆ ಹಾಗೇ ಬಿಡಿ. ತಗ್ಗು ತೊಂದರೆ ಕೊಡುವುದಿಲ್ಲ, ಉಬ್ಬಿದ ಅಂಚು ಕೊಡುತ್ತದೆ. ಆ ಉಬ್ಬನ್ನಷ್ಟೇ ನುಣುಪು ಕಲ್ಲಿನಿಂದ ಇಳಿಸಿದರೆ ಸಾಕು. ಬ್ಲಾಕಿನ ಮೇಲ್ಮೈಯನ್ನೆಲ್ಲ ಉಜ್ಜಲು ಹೋಗಬೇಡಿ, ಗುಂಡಿನ ಉದ್ದ ಮತ್ತು ತೂಕ ಬದಲಾಗುತ್ತದೆ.

ಇನ್ನು ಮುಂದೆ ಹೀಗಾಗದಂತೆ ಎಣ್ಣೆ. ಎರಡು ಸ್ಟ್ರೋಕ್ ಎಂಜಿನ್‌ನ ಸಿಂಥೆಟಿಕ್ ಎಣ್ಣೆ ಅಥವಾ ಜೇನುಮೇಣ, ಎರಡೂ ನಡೆಯುತ್ತವೆ. ಅಚ್ಚು ಬಿಸಿಯಿರುವಾಗ ಹತ್ತಿಯ ಕಡ್ಡಿಯ ತುದಿಗೆ ತಾಗಿಸಿ, ಪ್ಲೇಟ್ ಅಡಿಗೆ, ಪ್ಲೇಟ್ ತಿರುಗುವ ಬೋಲ್ಟ್‌ಗೆ, ಪಿನ್‌ಗಳಿಗೆ ಸವರಿ. ಸವರಿದ್ದನ್ನು ಒರೆಸಿಬಿಡಿ. ಉಳಿಯುವ ತೆಳ್ಳನೆಯ ಪಸೆಯೇ ಸಾಕು. ಹನಿ ಕ್ಯಾವಿಟಿಯೊಳಗೆ ಹೋದರೆ ಗುಂಡು ಸುಕ್ಕುಗಟ್ಟುತ್ತದೆ.

ಎಷ್ಟು ಕಾಯಬೇಕು ಅಂತ ಕೇಳುತ್ತೀರಿ ಅಲ್ವಾ? ಮೇಲಿನ ಸೀಸದ ಹೊಳಪು ಮಂಕಾಗುವ ಕ್ಷಣ ಕಣ್ಣಿಗೆ ಕಾಣುತ್ತದೆ. ಅದಾದ ಮೇಲೆ ಇನ್ನೂ ಒಂದೆರಡು ಉಸಿರು ಬಿಟ್ಟು ಕತ್ತರಿಸಿ. ಕತ್ತರಿಸಿದ ಮುಖ ನುಣುಪಾಗಿರಬೇಕು. ಹರಿದ ಹಾಗೆ ಕಂಡರೆ ಬೇಗ ಆಯಿತು ಅಂತ ಅರ್ಥ.

ಪ್ರಶ್ನೆ: ಸ್ಪ್ರೂ ಕತ್ತರಿಸಲು ಸುತ್ತಿಗೆ ಬಳಸಬಹುದಾ? ವಿಡಿಯೋಗಳಲ್ಲಿ ಎಲ್ಲರೂ ಬಡಿಯುತ್ತಾರೆ.

ಉತ್ತರ: ಮರದ ಕೋಲು ಅಥವಾ ಕಚ್ಚಾ ಚರ್ಮದ ಸುತ್ತಿಗೆ ಇರಲಿ. ಹೊಡೆತ ಪ್ಲೇಟಿನ ಚಾಚಿದ ತುದಿಗೆ, ಅಡ್ಡಲಾಗಿ ಬೀಳಬೇಕು. ಮೇಲಿನಿಂದ ಬಿದ್ದರೆ ಪ್ಲೇಟ್ ಬಾಗುತ್ತದೆ. ಅಚ್ಚು ಸರಿಯಾದ ಬಿಸಿಯಲ್ಲಿದ್ದರೆ ದಪ್ಪ ಕೈಗವಸು ಹಾಕಿ ಬೆರಳಿಂದ ತಳ್ಳಿದರೇ ಕತ್ತರಿಸುತ್ತದೆ. ಜೋರಾಗಿ ಬಡಿಯಬೇಕಾಗಿ ಬಂದರೆ ಅಚ್ಚು ತಣ್ಣಗಾಗಿದೆ ಅಂತ ತಿಳಿಯಿರಿ.

ಗುಂಡು ಕ್ಯಾವಿಟಿಯಲ್ಲಿ ಸಿಕ್ಕಿಕೊಂಡರೂ ಬ್ಲಾಕ್‌ಗೆ ಎಂದೂ ಹೊಡೆಯಬಾರದು. ಹಿಡಿಕೆಗಳು ಸೇರುವ ಕೀಲಿನ ಬೋಲ್ಟ್‌ಗೆ ಮರದಿಂದ ಮೆಲ್ಲಗೆ ತಟ್ಟಿ. ಆ ಅದುರಿಗೇ ಗುಂಡು ಬೀಳುತ್ತದೆ. ದಿನವೂ ಅದೇ ಕ್ಯಾವಿಟಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಅಂಚಿನಲ್ಲಿ ಬರ್ (ಕೊರೆದಾಗ ಉಳಿದ ಲೋಹದ ಚೂಪು ಎಳೆ) ಇರುತ್ತದೆ. ಅಗ್ಗದ ಅಚ್ಚುಗಳಲ್ಲಿ ಯಂತ್ರ ಬಿಟ್ಟ ಬರ್ ಅನ್ನು ಪೂರ್ತಿ ತೆಗೆದಿರುವುದಿಲ್ಲ. ಬೆಲೆ ಕಡಿಮೆಯಾಗಲು ಇದೂ ಒಂದು ಕಾರಣ. ಭೂತಗನ್ನಡಿ ಹಿಡಿದು ನೋಡಿ, ಬಿದಿರು ಕಡ್ಡಿಯಿಂದ ಅಥವಾ ಹಿತ್ತಾಳೆಯ ಚೂರಿನಿಂದ ಅಂಚನ್ನು ಮೆಲ್ಲಗೆ ಸವರಿದರೆ ಹೋಗುತ್ತದೆ. ಹೊಸ ಅಚ್ಚು ಬಂದ ದಿನವೇ ಮಾಡಬೇಕಾದ ಕೆಲಸ ಇದು. ಜೊತೆಗೆ ಸೋಪು ನೀರಿನಲ್ಲಿ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿ, ಯಂತ್ರದ ಎಣ್ಣೆಯನ್ನೆಲ್ಲ ತೆಗೆದು, ಪೂರ್ತಿ ಒಣಗಿಸಿ.

ಪ್ರಶ್ನೆ: ಅಚ್ಚನ್ನು ಮುಂಚೆ ಬಿಸಿ ಮಾಡಲು ಗ್ಯಾಸ್ ಉರಿಯ ಮೇಲೆ ಹಿಡಿಯುತ್ತೇನೆ. ತೊಂದರೆ ಇದೆಯಾ?

ಉತ್ತರ: ಇದೆ. ದಯವಿಟ್ಟು ನಿಲ್ಲಿಸಿ.

6061-ಟಿ6 ಥರದ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಗಟ್ಟಿತನ ಬರುವುದು ಶಾಖ ಸಂಸ್ಕಾರದಿಂದ. ಕೊನೆಯ ಹಂತದಲ್ಲಿ ಅದನ್ನು ಸುಮಾರು 160ರಿಂದ 180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟಿರುತ್ತಾರೆ. ಅದಕ್ಕಿಂತ ತುಂಬಾ ಜಾಸ್ತಿ ಬಿಸಿಯಲ್ಲಿ ಇಟ್ಟರೆ ಆ ಗಟ್ಟಿತನ ಕ್ರಮೇಣ ಇಳಿಯುತ್ತದೆ. ಮಾಮೂಲಿ ಎರಕದ ಕೆಲಸದಲ್ಲೂ ಬ್ಲಾಕ್ 200 ಡಿಗ್ರಿ ಆಸುಪಾಸಿಗೆ ಹೋಗುವುದರಿಂದ ಸ್ವಲ್ಪ ಇಳಿಯುವುದು ಅನಿವಾರ್ಯ, ಅದರಿಂದ ಅಚ್ಚೇನೂ ಕೆಡುವುದಿಲ್ಲ. ಉರಿಯ ಮೇಲೆ ಹಿಡಿದಾಗ ಒಂದು ಮೂಲೆ ಸಿಕ್ಕಾಪಟ್ಟೆ ಕಾಯುತ್ತದೆ. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆ ಮೂಲೆ ಮೆತ್ತಗಾಗುತ್ತದೆ, ಬ್ಲಾಕ್ ಕೂಡ ಸೊಟ್ಟಗಾಗಬಹುದು.

ಹಾಟ್ ಪ್ಲೇಟ್ ಮೇಲೆ ಒಂದು ಉಕ್ಕಿನ ಹಾಳೆ ಇಟ್ಟು, ಅದರ ಮೇಲೆ ಅಚ್ಚು ಇಡುವುದು ಒಳ್ಳೆಯ ದಾರಿ. ಎರಕಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಆ ಹಾಟ್ ಪ್ಲೇಟ್ ಬಳಸಬಾರದು. ಅಲ್ಯೂಮಿನಿಯಂ ಬ್ಲಾಕಿನ ಮೂಲೆಯನ್ನು ಕರಗಿದ ಸೀಸದಲ್ಲಿ ಅದ್ದಿ ಹಿಡಿಯುವ ರೂಢಿಯೂ ಇದೆ. ಹೊರಗೆ ತೆಗೆದಾಗ ಸೀಸ ಅಂಟದೆ ಜಾರಿದರೆ ಅಚ್ಚು ಸಿದ್ಧ. ಅದ್ದುವ ಮೊದಲು ಅಚ್ಚಿನಲ್ಲಿ ಒಂದು ಹನಿ ನೀರೂ ಇರಬಾರದು. ಸೀಸದ ಕೆಳಗೆ ಸಿಕ್ಕ ನೀರು ಕ್ಷಣದಲ್ಲಿ ಆವಿಯಾಗಿ ಇಡೀ ಪಾತ್ರೆಯ ಸೀಸವನ್ನು ಮುಖಕ್ಕೆ ಎರಚುತ್ತದೆ. ಇದೇ ಕಾರಣಕ್ಕೆ ಕಾದ ಅಚ್ಚನ್ನು ನೀರಿನಲ್ಲಿ ತಣಿಸುವುದೂ ಬೇಡ. ತಾನಾಗಿ ಆರಲಿ.

ಪ್ರಶ್ನೆ: ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ: ಕೆಲಸದಲ್ಲಿ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದಾ? ಸುಮ್ನೆ ಬೆಲೆ ಜಾಸ್ತಿ ಅಷ್ಟೇನಾ?

ಉತ್ತರ: ಗೊತ್ತಾಗುತ್ತದೆ. ಮೊದಲು ತೂಕ. ಅಲ್ಯೂಮಿನಿಯಂ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಎರಕದ ಕಬ್ಬಿಣದ್ದು 7ಕ್ಕೂ ಜಾಸ್ತಿ, ಹಿತ್ತಾಳೆಯದು ಸುಮಾರು 8.5. ಹಿತ್ತಾಳೆಯ ದೊಡ್ಡ ಅಚ್ಚು ಹಿಡಿದು ಒಂದು ಗಂಟೆ ಕೆಲಸ ಮಾಡಿದರೆ ಮಣಿಕಟ್ಟು ಹೇಳುತ್ತದೆ.

ಆಮೇಲೆ ಶಾಖ. ಒಂದೇ ಗಾತ್ರದ ಬ್ಲಾಕಿನಲ್ಲಿ ಅಲ್ಯೂಮಿನಿಯಂ ಹಿಡಿದಿಡುವ ಶಾಖ ಕಬ್ಬಿಣದ ಮೂರರಲ್ಲಿ ಎರಡು ಭಾಗದಷ್ಟು. ಅದನ್ನು ಹೊರಗೆ ಬಿಡುವ ವೇಗವೋ ಮೂರು ಪಟ್ಟಿಗೂ ಜಾಸ್ತಿ. ಹಾಗಾಗಿ ಅಲ್ಯೂಮಿನಿಯಂ ಅಚ್ಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಅದರ ಜೊತೆ ಕೆಲಸ ಮಾಡುವಾಗ ನಿಲ್ಲಬಾರದು. ಗುಂಡನ್ನು ಎತ್ತಿ ನೋಡುತ್ತಾ, ಮೆಚ್ಚಿಕೊಳ್ಳುತ್ತಾ ಕೂತರೆ ಮುಂದಿನದು ಸುಕ್ಕು ಬರುತ್ತದೆ. ಒಂದೇ ಲಯದಲ್ಲಿ ಸುರಿಯುತ್ತಾ ಹೋಗಿ, ನೋಡುವುದು ಕೊನೆಗೆ ಇರಲಿ. ಗುಂಡು ಮಂಜು ಕವಿದ ಹಾಗೆ ಮಬ್ಬಾಗಿ ಬರತೊಡಗಿದರೆ ಅಚ್ಚು ಜಾಸ್ತಿ ಕಾದಿದೆ, ಸ್ವಲ್ಪ ನಿಧಾನಿಸಿ.

ಕಬ್ಬಿಣಕ್ಕೆ ತುಕ್ಕು ದೊಡ್ಡ ಶತ್ರು. ಲೈಮನ್, ಆರ್‌ಸಿಬಿಎಸ್ ಕಂಪನಿಗಳ ಕಬ್ಬಿಣದ ಅಚ್ಚುಗಳು ಪೆಟ್ಟು ತಡೆಯುತ್ತವೆ, ಅಳತೆಯೂ ಚೆನ್ನಾಗಿ ನಿಲ್ಲುತ್ತದೆ. ಆದರೆ ಎಣ್ಣೆ ಸವರದೆ ತೇವದ ಜಾಗದಲ್ಲಿಟ್ಟರೆ ಕ್ಯಾವಿಟಿಯಲ್ಲಿ ಗುಳಿ ಬೀಳುತ್ತದೆ, ಆ ಗುಳಿ ಪ್ರತಿ ಗುಂಡಿನ ಮೇಲೂ ಮೂಡುತ್ತದೆ. ಅದಕ್ಕೆ ಮದ್ದಿಲ್ಲ. ಅಲ್ಯೂಮಿನಿಯಂಗೆ ಈ ತಲೆನೋವಿಲ್ಲ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊಯ್ಯುವವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಉಕ್ಕಿನ ಎರಡು ಪಟ್ಟು. ಜೋಡಿಸುವ ಪಿನ್‌ಗಳು ಉಕ್ಕಿನವು. ಬ್ಲಾಕ್ ಕಾದಾಗ ಪಿನ್ ಕೂತಿರುವ ತೂತು ಪಿನ್‌ಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಬ್ಲಾಕ್‌ಗಳನ್ನು ಫಟ್ ಅಂತ ಮುಚ್ಚುತ್ತಾ ಹೋದರೆ ಪಿನ್ ಒಳಗೆ ಸರಿಯುತ್ತದೆ. ಆಮೇಲೆ ಎರಡು ಅರ್ಧಗಳು ಹೊಂದುವುದಿಲ್ಲ, ಗುಂಡಿನ ಒಂದು ಬದಿ ಮೆಟ್ಟಿಲಾಗುತ್ತದೆ. ಆದ್ದರಿಂದ ಮೆಲ್ಲಗೆ ಮುಚ್ಚಿ. ಬೆಂಚಿನ ಮೇಲೆ ಅಚ್ಚನ್ನು ಸಮನಾಗಿ ಇಟ್ಟು ಮುಚ್ಚಿದರೆ ಇನ್ನೂ ಒಳ್ಳೆಯದು. ದುಬಾರಿ ಅಲ್ಯೂಮಿನಿಯಂ ಅಚ್ಚುಗಳಲ್ಲೂ ಈ ಗುಣ ಇದ್ದೇ ಇದೆ. ಅವುಗಳ ಬ್ಲಾಕ್ ದೊಡ್ಡದು, ಪ್ಲೇಟ್ ದಪ್ಪ, ಅಂಚು ಶುದ್ಧ. ನೀವು ಜಾಸ್ತಿ ಕೊಡುವ ಹಣ ಹೋಗುವುದು ಅದಕ್ಕೇ.

ಪ್ರಶ್ನೆ: ನನ್ನ ರಿವಾಲ್ವರ್ .38. ಗುಂಡು .358 ಇಂಚು ಇರಬೇಕು. ಅಗ್ಗದ ಅಚ್ಚಿನಿಂದ .356 ಬರುತ್ತಿದೆ. ಮೃದು ಸೀಸ ಬಳಸಿದ್ದೇನೆ. ಅಚ್ಚು ದಂಡವಾಯಿತಾ?

ಉತ್ತರ: ಇನ್ನೂ ತೀರ್ಮಾನ ಮಾಡಬೇಡಿ. ಯಾವುದರಿಂದ ಅಳೆದಿರಿ? ಕ್ಯಾಲಿಪರ್ ಆದರೆ ಅದನ್ನು ಪಕ್ಕಕ್ಕಿಡಿ. ಇಂಚಿನ ಸಾವಿರದ ಒಂದೆರಡು ಭಾಗದ ಮಾತು ಬಂದಾಗ ಮೈಕ್ರೋಮೀಟರ್ ಬೇಕು. ಅಳೆಯುವಾಗ ಬ್ಲಾಕ್‌ಗಳು ಸೇರುವ ಗೆರೆಯ ಮೇಲೆ ಒಂದು ಸಲ, ಅದಕ್ಕೆ ಅಡ್ಡಲಾಗಿ ಒಂದು ಸಲ ಅಳೆಯಿರಿ. ಎರಡೂ ಬೇರೆ ಬಂದರೆ ಅಚ್ಚು ಪೂರ್ತಿ ಮುಚ್ಚುತ್ತಿಲ್ಲ ಅಥವಾ ಕ್ಯಾವಿಟಿ ದುಂಡಗಿಲ್ಲ.

ಇನ್ನು ಸೀಸ. ಶುದ್ಧ ಸೀಸ ಗಟ್ಟಿಯಾಗುವಾಗ ಜಾಸ್ತಿ ಕುಗ್ಗುತ್ತದೆ. ಆಂಟಿಮನಿ ಸೇರಿಸಿದರೆ ಕಡಿಮೆ ಕುಗ್ಗುತ್ತದೆ, ಅದೇ ಅಚ್ಚಿನಿಂದ ಗುಂಡು ಸ್ವಲ್ಪ ದಪ್ಪ ಬರುತ್ತದೆ. ಲೈಮನ್ ನಂಬರ್ 2 ಅನ್ನುವ ಹೆಸರಾಂತ ಮಿಶ್ರಣದಲ್ಲಿ ಸೀಸ 90 ಭಾಗ, ತವರ 5, ಆಂಟಿಮನಿ 5. ಹಳೆಯ ಮುದ್ರಣಾಲಯದ ಲಿನೋಟೈಪ್ ಲೋಹದಲ್ಲಿ ಸುಮಾರು 12 ಭಾಗ ಆಂಟಿಮನಿ, 4 ಭಾಗ ತವರ ಇರುತ್ತದೆ. ಅದನ್ನು ಸ್ವಲ್ಪ ಬೆರೆಸಿ ನೋಡಿ. ತವರ ಸೇರಿದರೆ ಸೀಸ ಅಚ್ಚಿನ ಮೂಲೆಗಳಿಗೆ ಚೆನ್ನಾಗಿ ತುಂಬುತ್ತದೆ.

ಅಷ್ಟಾದರೂ ಸಾಲದಿದ್ದರೆ, ಶಾಖ ತಡೆಯುವ ತೆಳ್ಳನೆಯ ಅಲ್ಯೂಮಿನಿಯಂ ಟೇಪನ್ನು ಒಂದು ಬ್ಲಾಕಿನ ಮುಖದ ಮೇಲೆ, ಕ್ಯಾವಿಟಿಗೆ ತಾಗದಂತೆ ಅಂಟಿಸುವವರಿದ್ದಾರೆ. ವ್ಯಾಸ ಹೆಚ್ಚುತ್ತದೆ, ಆದರೆ ಒಂದೇ ದಿಕ್ಕಿಗೆ. ಗುಂಡು ಮೊಟ್ಟೆಯಾಕಾರವಾಗುತ್ತದೆ, ಗುಂಡನ್ನು ತಳ್ಳಿ ಸರಿಯಾದ ಅಳತೆಗೆ ತರುವ ಉಪಕರಣವಾದ ಸೈಸರ್‌ನಲ್ಲಿ ಹಾಯಿಸಿ ದುಂಡಗೆ ಮಾಡಬೇಕು. ತಾತ್ಕಾಲಿಕಕ್ಕೆ ಸರಿ. ಕ್ಯಾವಿಟಿಯನ್ನೇ ಪಾಲಿಶ್ ಪೇಸ್ಟ್ ಹಾಕಿ ತಿಕ್ಕಿ ದೊಡ್ಡದು ಮಾಡುವ ಸಲಹೆಯೂ ಓಡಾಡುತ್ತದೆ. ಅನುಭವ ಇಲ್ಲದವರು ಅದಕ್ಕೆ ಕೈ ಹಾಕದಿದ್ದರೆ ಒಳ್ಳೆಯದು. ತೆಗೆದ ಲೋಹ ವಾಪಸ್ ಬರುವುದಿಲ್ಲ.

ದಪ್ಪ ಬಂದ ಗುಂಡನ್ನು ಸೈಸರ್‌ನಲ್ಲಿ ಇಳಿಸಬಹುದು, ಸಣ್ಣ ಬಂದದ್ದನ್ನು ಹಿಗ್ಗಿಸಲು ಆಗದು. ಸಣ್ಣ ಗುಂಡಿನ ಬದಿಯಿಂದ ಮದ್ದು ಉರಿದ ಬಿಸಿ ಅನಿಲ ನುಗ್ಗಿ ಬ್ಯಾರಲ್ ತುಂಬಾ ಸೀಸ ಮೆತ್ತುತ್ತದೆ. ಹಾಗಾಗಿ ಅಗ್ಗದ್ದೋ ದುಬಾರಿಯದ್ದೋ, ಹೊಸ ಅಚ್ಚಿನ ಮೊದಲ ಗುಂಡುಗಳನ್ನು ಅಳೆದು ನೋಡಿ. ಸಣ್ಣ ಬಂದರೆ ಹಿಂದಿರುಗಿಸುವ ಅವಧಿಯಲ್ಲೇ ಹಿಂದಿರುಗಿಸಿ.

ಪ್ರಶ್ನೆ: ಎರಡು ಕ್ಯಾವಿಟಿ ಸಾಕಾ, ಆರು ಕ್ಯಾವಿಟಿ ತಗೊಳ್ಳಲಾ?

ಉತ್ತರ: ಯಾವ ಗುಂಡು ನಿಮ್ಮ ಬಂದೂಕಿಗೆ ಒಗ್ಗುತ್ತದೆ ಅಂತ ಇನ್ನೂ ಗೊತ್ತಿಲ್ಲದಿದ್ದರೆ ಎರಡೇ ಸಾಕು. ಒಗ್ಗಿದ ಮೇಲೆ, ಜಾಸ್ತಿ ಬೇಕಾದರೆ, ಅದೇ ವಿನ್ಯಾಸದ ಆರು ಕ್ಯಾವಿಟಿಯದು ತಗೊಳ್ಳಿ. ಲೀ ಆರು ಕ್ಯಾವಿಟಿಯ ಅಚ್ಚಿನ ಬ್ಲಾಕ್ ಎರಡರದ್ದಕ್ಕಿಂತ ದೊಡ್ಡದು, ಸ್ಪ್ರೂ ಕತ್ತರಿಸಲು ಲಿವರ್ ಇದೆ, ಸುತ್ತಿಗೆಯ ಗೊಡವೆಯೇ ಇಲ್ಲ. ಹಿಡಿಕೆ ಬೇರೆ ಕೊಳ್ಳಬೇಕು, ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ. ಅಚ್ಚು ಕಾಯುವ ಮೊದಲೇ ಆರನ್ನೂ ತುಂಬಿ ಲಿವರ್ ಎಳೆಯಬೇಡಿ. ಆರು ಗಟ್ಟಿ ಸ್ಪ್ರೂಗಳ ಭಾರ ಒಟ್ಟಿಗೆ ಲಿವರ್ ಮೇಲೆ ಬಿದ್ದು ಮುರಿಯಬಹುದು. ಮೊದಮೊದಲು ಒಂದೆರಡು ಕ್ಯಾವಿಟಿಯಷ್ಟೇ ತುಂಬಿ.

ಪ್ರಶ್ನೆ: ಹೆಸರೇ ಇಲ್ಲದ, ಇನ್ನೂ ಅಗ್ಗದ ಅಚ್ಚುಗಳು ಆನ್‌ಲೈನ್‌ನಲ್ಲಿವೆ. ಹಳೆಯ ಕಬ್ಬಿಣದ ಅಚ್ಚುಗಳೂ ಸಿಗುತ್ತವೆ.

ಉತ್ತರ: ಹೆಸರಿಲ್ಲದ್ದಕ್ಕೆ ಬಿಡಿಭಾಗ ಸಿಗದು, ಅಳತೆ ತಪ್ಪಿದರೆ ಕೇಳುವವರಿಲ್ಲ. ನಾನು ತಗೊಳ್ಳುವುದಿಲ್ಲ.

ಹಳೆಯ ಕಬ್ಬಿಣದ ಅಚ್ಚು ಒಳ್ಳೆಯ ಆಯ್ಕೆ, ನೋಡಿ ಕೊಳ್ಳಬೇಕು ಅಷ್ಟೆ. ಮುಚ್ಚಿ ಬೆಳಕಿಗೆ ಹಿಡಿಯಿರಿ, ಸಂದಿಯಲ್ಲಿ ಬೆಳಕು ಕಂಡರೆ ಬೇಡ. ತೆರೆದು ಕ್ಯಾವಿಟಿಯಲ್ಲಿ ತುಕ್ಕಿನ ಗುಳಿ ಹುಡುಕಿ. ಗಾಳಿ ಹೋಗುವ ಸಣ್ಣ ಗೆರೆಗಳು ಬ್ಲಾಕಿನ ಮುಖದ ಮೇಲೆ ಸ್ಪಷ್ಟವಾಗಿವೆಯಾ ನೋಡಿ. ಯಾರೋ ಉಜ್ಜಿ ಅಳಿಸಿದ್ದರೆ ಗಾಳಿ ಒಳಗೇ ಸಿಕ್ಕಿ ಗುಂಡು ಪೂರ್ತಿ ತುಂಬುವುದಿಲ್ಲ.

ಪ್ರಶ್ನೆ: ಹಳೆಯ ಚಕ್ರದ ತೂಕಗಳನ್ನು (ವಾಹನದ ಚಕ್ರದ ಸಮತೋಲಕ್ಕೆ ಹಾಕುವ ಸೀಸದ ತುಂಡುಗಳು) ಕರಗಿಸಿ, ಮನೆಯೊಳಗೇ ಹೊಯ್ಯಬಹುದಾ? ಮಕ್ಕಳಿದ್ದಾರೆ.

ಉತ್ತರ: ಮಕ್ಕಳಿರುವ ಮನೆಯೊಳಗೆ ಬೇಡವೇ ಬೇಡ. ಹೊರಗೆ ಅಥವಾ ಗಾಳಿಯಾಡುವ ಬೇರೆ ಶೆಡ್‌ನಲ್ಲಿ ಮಾಡಿ. ಸೀಸ ಕುದಿಯುವುದು 1,700 ಡಿಗ್ರಿ ದಾಟಿದ ಮೇಲೆ, ಆದ್ದರಿಂದ ಎರಕದ ಬಿಸಿಯಲ್ಲಿ ಆವಿ ಕಡಿಮೆ. ಅಪಾಯ ಜಾಸ್ತಿ ಇರುವುದು ಮೇಲೆ ತೇಲುವ ಬೂದಿಯಂಥ ಕಿಟ್ಟದಲ್ಲಿ. ಅದರ ಪುಡಿ ಕೈಗೆ, ಬಟ್ಟೆಗೆ, ಚಪ್ಪಲಿಗೆ ಅಂಟಿ ಮನೆಗೆ ಬರುತ್ತದೆ. ಮಕ್ಕಳ ಮಿದುಳಿಗೆ ಸೀಸ ತುಂಬಾ ಕಡಿಮೆ ಪ್ರಮಾಣದಲ್ಲೂ ಹಾನಿ ಮಾಡುತ್ತದೆ. ಬಟ್ಟೆ, ಪಾದರಕ್ಷೆ ಬೇರೆ ಇಡಿ, ಆ ಬಟ್ಟೆ ಬೇರೆಯಾಗಿ ಒಗೆಯಿರಿ, ಕೈ ಮುಖ ಸೋಪು ಹಾಕಿ ತೊಳೆಯಿರಿ. ಅಲ್ಲಿ ಊಟ, ಸಿಗರೇಟು ಯಾವುದೂ ಬೇಡ. ಕಿಟ್ಟವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ. ವೈದ್ಯರನ್ನು ಕೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಆಗಾಗ ಮಾಡಿಸಿ. ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಹತ್ತಿ ಬಟ್ಟೆ, ಮುಚ್ಚಿದ ಶೂ ಇಲ್ಲದೆ ಶುರು ಮಾಡಬೇಡಿ.

ಚಕ್ರದ ತೂಕಗಳಲ್ಲಿ ಈಗ ಸತುವಿನವೂ ಬರುತ್ತವೆ. ಸತು ಕರಗುವುದು 419 ಡಿಗ್ರಿ ದಾಟಿದಾಗ. ಪಾತ್ರೆಯ ಬಿಸಿಯನ್ನು ಅದಕ್ಕಿಂತ ಸಾಕಷ್ಟು ಕೆಳಗೆ, 370 ಆಸುಪಾಸಿನಲ್ಲಿ ಇಟ್ಟರೆ ಅವು ಕರಗದೆ ತೇಲುತ್ತವೆ, ಎತ್ತಿ ಬಿಸಾಡಬಹುದು. ಬೆರೆತರೆ ಸೀಸ ಗಂಜಿಯಂತಾಗಿ ಅಚ್ಚಿಗೆ ಸರಿಯಾಗಿ ತುಂಬುವುದಿಲ್ಲ, ಪಾಪ ಅಚ್ಚಿನ ಮೇಲೆ ಅಪವಾದ ಬರುತ್ತದೆ. ನಾನು ಮೊದಲೇ ಥರ್ಮಾಮೀಟರ್ ಕೊಳ್ಳಿ ಅಂದದ್ದು ಇದಕ್ಕೂ ಸೇರಿಸಿಯೇ.

ಕಾನೂನಿನ ಬಗ್ಗೆ ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಗುಂಡು ಹೊಯ್ಯಲು ಅನುಮತಿ ಇದೆ ಅಂತ ಅಲ್ಲ. ಕೆಲವು ದೇಶಗಳಲ್ಲಿ ಇದು ಮಾಮೂಲಿ ಹವ್ಯಾಸ, ಕೆಲವೆಡೆ ಮದ್ದುಗುಂಡಿನ ಭಾಗ ತಯಾರಿಸುವುದಕ್ಕೇ ಬೇರೆ ಪರವಾನಗಿ ಬೇಕು. ಅಚ್ಚು ಕೊಳ್ಳುವ ಮೊದಲು ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.